ಎನಸ್ ಟ್ರೂಬ್ಲಡ್‌ನ ಮುಖ

ಚಿಕಾಗೊ
ಜುಲೈ 8, 1912

ಪ್ರೀತಿಯ ಅಪ್ಪನಿಗೆ,

ಅಧ್ಯಕ್ಷ ಚುನಾವಣೆಗೆ ಮೂವರೂ ಕಣಕ್ಕೆ ಇಳಿದಂತೆಯೇ. ನಿನ್ನ ಗಜಗಾತ್ರದ ಅಧ್ಯಕ್ಷರು, ಅವರ ಪಕ್ಷದಿಂದಲೇ ಕುರ್ಚಿ ಒದ್ದು ಎದ್ದುಹೋದ ಕರ್ನಲ್, ಈಗ ಎದುರು ಪಕ್ಷದ ಈ ಪ್ರಾಧ್ಯಾಪಕ. ಅದೆಲ್ಲ ನಿನ್ನ ಪತ್ರಿಕೆಗೆ ತಂತಿಯಲ್ಲಿ ಬಂದಿರುತ್ತದೆ. ನಾನು ಬರೆಯುತ್ತಿರುವುದು ನನ್ನ ಸುದ್ದಿ.

ಮಿಡ್‌ಲ್ಯಾಂಡ್ ಬ್ಲಾಕ್ ಕಂಪನಿಯಲ್ಲಿ ನಾಲ್ಕು ವರ್ಷ ಜಾಹೀರಾತಿಗೆ ಟೋಪಿ, ಒಲೆ, ತಲೆನೋವಿನ ಔಷಧಿಯ ಸೀಸೆ ಬರೆದದ್ದಾಯಿತು. ಈ ಚುನಾವಣೆಗೆ ವ್ಯಂಗ್ಯಚಿತ್ರ ಬರೆಯುವ ಕೆಲಸ ನನಗೆ ಕೊಟ್ಟಿದ್ದಾರೆ. ವಾರಕ್ಕೊಂದು. ಅದನ್ನು ಸೀಸದ ಬ್ಲಾಕಾಗಿ ಎರಕ ಹೊಯ್ದು ನಾನೂರು ಊರುಗಳ ವಾರಪತ್ರಿಕೆಗಳಿಗೆ ರೈಲಿನಲ್ಲಿ ಕಳಿಸುತ್ತಾರೆ. ಸಹಿ ಮಾತ್ರ 'ಎಲ್. ಹಸ್ಕೆಟ್' ಎಂದಷ್ಟೇ ಇರಬೇಕಂತೆ. ಮ್ಯಾನೇಜರ್ ಫೆಲನ್ ಹೇಳಿದ: "ಹೆಂಗಸು ಬರ್ದಿದ್ದು ಅಂತ ಗೊತ್ತಾದ್ರೆ ಅರ್ಧ ಸಂಪಾದಕರು ಬ್ಲಾಕ್ ವಾಪಸ್ ಕಳಿಸ್ತಾರೆ. ಇನ್ನರ್ಧ ಮದುವೆ ಆಗ್ತೀಯಾ ಅಂತ ಕಾಗದ ಬರೀತಾರೆ. ಎರಡೂ ಕಂಪನಿಗೆ ತಲೆನೋವು."

ಇನ್ನೊಂದು ಷರತ್ತು ಇದೆ. ಚಿತ್ರದ ಮನುಷ್ಯರ ಮೈಮೇಲೆ ಹೆಸರುಪಟ್ಟಿ ಬರೆಯುತ್ತೇವಲ್ಲ, ಹೊಟ್ಟೆಯ ಮೇಲೆ 'ಸಕ್ಕರೆ ಸಾಹುಕಾರ', ಟೋಪಿಯ ಮೇಲೆ 'ಸೆನೆಟ್' ಎಂದು, ಆ ಪಟ್ಟಿ ಬೇರೆಯೇ ತುಂಡಾಗಿರಬೇಕು. ಎರಡು ಸಣ್ಣ ಆಣಿ ಹೊಡೆದು ಕೂಡಿಸಿರುತ್ತಾರೆ. ಕೊಂಡ ಸಂಪಾದಕ ತನ್ನ ಪಕ್ಷಕ್ಕೆ ತಕ್ಕಂತೆ ಕಿತ್ತು ಬೇರೆ ಹೆಸರು ಹಾಕಿಕೊಳ್ಳುತ್ತಾನೆ. "ಹಂದಿ ಒಂದೇ, ಗಿರಾಕಿ ಇಬ್ರು" ಎಂದ ಫೆಲನ್. ನನಗೆ ನಗು ಬಂತು.

ಮೊದಲ ಚಿತ್ರ ಮುಗಿದಿದೆ. ಒಬ್ಬ ಬಡಕಲು ಮುದುಕ ತಕ್ಕಡಿ ಹಿಡಿದು ಅಭ್ಯರ್ಥಿಗಳನ್ನು ತೂಗುತ್ತಿದ್ದಾನೆ. ಅವನ ಎದೆಯ ಮೇಲೆ 'ಮತದಾರ' ಎಂಬ ಪಟ್ಟಿ. ಮುಖ ಯಾರದು ಗೊತ್ತೆ? ಎನಸ್ ಟ್ರೂಬ್ಲಡ್‌ನದು. ಪ್ರಾಮಾಣಿಕ ಮನುಷ್ಯನ ಮುಖ ಬೇಕು ಎಂದರು. ನನಗೆ ಕಣ್ಣ ಮುಂದೆ ಬಂದದ್ದು ಅದೊಂದೇ. ಆ ಉದ್ದ ಕತ್ತು, ಚಾಚಿದ ಕಿವಿಗಳು, ಕ್ವೇಕರ್ ಪಂಥದವರ ಆ ಅಗಲಂಚಿನ ಟೋಪಿ. ಚಿಕ್ಕವಳಿದ್ದಾಗ ಆತ ಕುದುರೆಯ ಜೀನು ಹೊಲಿಯುವುದನ್ನು ನೋಡುತ್ತ ಆ ಅಂಗಡಿಯಲ್ಲೇ ಕೂತಿರುತ್ತಿದ್ದೆನಲ್ಲ. ಆತನಿಗೆ ಹೇಳಬೇಡ. ನಿನ್ನ ಪತ್ರಿಕೆಯಲ್ಲಿ ನೋಡಿ ಬೆರಗಾಗಲಿ.

ನಿನ್ನ ಮಗಳು,
ಲವೀನಾ


ಟಿಲ್ಡನ್ಸ್ ಕ್ರೀಕ್, ಇಂಡಿಯಾನಾ
ಜುಲೈ 15, 1912

ಲವೀನಾ,

ಕಾಗದ ತಲುಪಿತು. ಬ್ಲಾಕುಗಳನ್ನು ತರಿಸಿಕೊಳ್ಳುತ್ತೇನೆ, ಹೇಗಿದ್ದರೂ ಪುಟ ತುಂಬಬೇಕು. ನಮ್ಮನೆ ಹುಡುಗಿಯ ಕೆಲಸಕ್ಕೆ ನಾನೇ ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂತು ನೋಡು.

ನಿನ್ನ ಕರ್ನಲ್ ನಮ್ಮ ಪಕ್ಷವನ್ನು ಎರಡು ಹೋಳು ಮಾಡಿ ಪ್ರಾಧ್ಯಾಪಕನ ತಟ್ಟೆಗೆ ಬಡಿಸಿದ. ಕರ್ನಲ್ ಹೆಂಗಸರಿಗೆ ಮತ ಕೊಡಿಸುತ್ತಾನೆಂದು ನೀನು ಕುಣಿಯುತ್ತಿರಬಹುದು. ಮೊದಲು ಗಂಡಸರ ಮತ ಎಣಿಸುವುದನ್ನು ಕಲಿಯಲಿ.

ಎಣಿಸುವುದು ಎಂದರೆ ನೆನಪಾಯಿತು. ನಿನ್ನ ಪ್ರಾಮಾಣಿಕ ಮನುಷ್ಯ ಮಾರ್ಚ್‌ನಿಂದ ನಮ್ಮೆಲ್ಲರ ತಲೆ ತಿನ್ನುತ್ತಿದ್ದಾನೆ. ಪಕ್ಷದ ಪ್ರತಿನಿಧಿಗಳನ್ನು ಆರಿಸಿದ ದಿನ ಎಣಿಕೆಗೆ ಕೂತವರಲ್ಲಿ ಎನಸನೂ ಒಬ್ಬ. ಎಣಿಕೆಯ ಹಾಳೆಗೆ ಸಹಿ ಹಾಕಲಿಲ್ಲ. ಮತ ಹಾಕಿದವರಿಗಿಂತ ಪೆಟ್ಟಿಗೆಯಲ್ಲಿ ಹನ್ನೊಂದು ಚೀಟಿ ಹೆಚ್ಚಿತ್ತು. ಹೆಚ್ಚಿತ್ತು, ಸರಿ. ಹನ್ನೊಂದು ಚೀಟಿಗೆ ಆಕಾಶ ಕಳಚಿ ಬೀಳುತ್ತದೆಯೆ? ಪಕ್ಷದ ಸಮಿತಿಯ ಬರ್ಡ್‌ಸಾಲ್ ಅವನನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ: "ಏನಪ್ಪಾ, ನಲವತ್ತು ವರ್ಷ ನಮಗೇ ಓಟು ಹಾಕ್ದೋನು ನೀನು." ಅದಕ್ಕೆ ಇವನು: "ಹಾಕಿದೀನಿ. ಸಲಕ್ಕೆ ಒಂದೊಂದೇ."

ಊರೆಲ್ಲ ನಕ್ಕಿತು. ಬರ್ಡ್‌ಸಾಲ್ ನಗಲಿಲ್ಲ. ಕೌಂಟಿ ಸರ್ಕಾರದ ಅಚ್ಚಿನ ಕೆಲಸ ಯಾರಿಗೆ ಹೋಗಬೇಕೆಂದು ಹೇಳುವವನು ಅವನು. ನಿನ್ನ ಚಿತ್ರಕಲಾ ಶಾಲೆಯ ಶುಲ್ಕ ಆ ಕೆಲಸದಿಂದಲೇ ಕಟ್ಟಿದ್ದು ಎಂಬುದು ನೆನಪಿರಲಿ.

ಊಟ ಸರಿಯಾಗಿ ಮಾಡು.

ನಿನ್ನ ತಂದೆ,
ಓರಿನ್ ಹಸ್ಕೆಟ್


ಚಿಕಾಗೊ
ಸೆಪ್ಟೆಂಬರ್ 9, 1912

ಅಪ್ಪ,

ಸೆಪ್ಟೆಂಬರ್ ಐದರ ನಿನ್ನ ಪತ್ರಿಕೆಯನ್ನು ಜೆರೂಶಾ ಚಿಕ್ಕಮ್ಮ ಅಂಚೆಯಲ್ಲಿ ಕಳಿಸಿದ್ದಾಳೆ. ಜೊತೆಗೆ ಒಂದು ಸಾಲೂ ಇಲ್ಲ. ಚಿತ್ರದ ಪುಟವನ್ನು ಮೇಲೆ ಬರುವಂತೆ ಮಡಿಸಿದ್ದಳು, ಅಷ್ಟೆ.

'ಮತದಾರ' ಎಂಬ ಪಟ್ಟಿ ಕಿತ್ತು 'ಮಾರಾಟಕ್ಕಿದೆ' ಎಂದು ಹಾಕಿದ್ದೀಯ. ಕೆಳಗೆ ಅಚ್ಚಿನ ಮೊಳೆ ಜೋಡಿಸಿ ನಿನ್ನದೇ ಒಂದು ಸಾಲು: 'ಎಣಿಕೆಗೆ ಸಹಿ ಹಾಕದವರ ಬೆಲೆ ಎಷ್ಟು?' ಪಕ್ಕದಲ್ಲಿ ನನ್ನ ಸಹಿ. ಅದನ್ನು ಮಾತ್ರ ನೀನು ಮುಟ್ಟಲಿಲ್ಲ.

ಆ ಮುಖ ಯಾರದೆಂದು ನಿನಗೆ ಗೊತ್ತಿತ್ತು. ನಾನೇ ಬರೆದು ತಿಳಿಸಿದ್ದೆ. ನೋಡದೆ ಹಾಕಿದೆ, ಕೆಲಸದವರು ಹಾಕಿದರು ಎಂದು ಹೇಳಬೇಡ. ನಿನ್ನ ಅಚ್ಚುಕೂಟದಲ್ಲಿ ನಿನ್ನನ್ನು ಬಿಟ್ಟು ಉಳಿ ಹಿಡಿಯುವವರಿಲ್ಲ. ಆ ಅಕ್ಷರಗಳ ಬಾಲ ನೋಡಿದರೇ ತಿಳಿಯುತ್ತದೆ. ಚಿಕ್ಕಂದಿನಲ್ಲಿ ನನಗೆ ಮರದಲ್ಲಿ ಕೆತ್ತಿಕೊಟ್ಟ ಅಕ್ಷರಗಳಿಗೂ ಇದೇ ಬಾಲವಿತ್ತು.

ಅರವತ್ತು ದಾಟಿದ ಮನುಷ್ಯ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಆತನಿಗಿರುವುದು ಒಂದು ಅಂಗಡಿ, ಮತ್ತೆ ಕ್ವೇಕರರ ಪ್ರಾರ್ಥನಾ ಸಭೆಯಲ್ಲಿ ಹಿರಿಯರ ಬೆಂಚಿನ ಮೇಲೊಂದು ಜಾಗ. ಮತ ಮಾರಿಕೊಂಡವನನ್ನು ಕ್ವೇಕರರು ಆ ಬೆಂಚಿನ ಮೇಲೆ ಕೂರಿಸುತ್ತಾರೆಯೆ?

ಮುಂದಿನ ಗುರುವಾರ ತಪ್ಪಾಯಿತೆಂದು ಹಾಕು. ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ.

ಲವೀನಾ


ಟಿಲ್ಡನ್ಸ್ ಕ್ರೀಕ್
ಸೆಪ್ಟೆಂಬರ್ 13, 1912

ಲವೀನಾ,

ಮೂವತ್ತೊಂದು ವರ್ಷದಿಂದ ಪತ್ರಿಕೆ ನಡೆಸುತ್ತಿದ್ದೇನೆ. ಮೊದಲ ಪುಟದಲ್ಲಿ ಏನು ಹಾಕಬೇಕೆಂದು ಮಗಳು ಹೇಳಿಕೊಡುವ ಸ್ಥಿತಿ ಇನ್ನೂ ಬಂದಿಲ್ಲ.

ಪಟ್ಟಿಯನ್ನು ಎರಡು ಆಣಿಯಲ್ಲಿ ಸಡಿಲವಾಗಿ ಕೂಡಿಸಿ, ಬೇಕಾದ್ದು ಹಾಕಿಕೊಳ್ಳಿ ಎಂದು ಮಾರುವವರು ನೀವು. ಕೊಂಡವನು ಬೇಕಾದ್ದು ಹಾಕಿಕೊಂಡರೆ ಬೊಬ್ಬೆ ಹಾಕುವವರೂ ನೀವು. ಬಾಗಿಲು ತೆರೆದಿಟ್ಟು ನಾಯಿಯನ್ನು ಬೈಯಬೇಡ.

ಅದರಲ್ಲಿ ಅವನ ಹೆಸರಿಲ್ಲ. ಈ ಕೌಂಟಿಯಲ್ಲಿ ಉದ್ದ ಕತ್ತಿನವರು ಎಷ್ಟು ಜನ ಬೇಕು ನಿನಗೆ? ಕುಂಬಳಕಾಯಿ ಕಳ್ಳ ಎಂದರೆ ಅವನೇಕೆ ಹೆಗಲು ಮುಟ್ಟಿಕೊಳ್ಳಬೇಕು? ಏಪ್ರಿಲ್‌ನಲ್ಲಿ ಚರ್ಮ ಹೊಲಿಯುವ ಹೊಸ ಯಂತ್ರ ತರಿಸಿಕೊಂಡನಲ್ಲ, ಅದು ಎಲ್ಲಿಂದ ಬಂತೆಂದು ಊರವರೇ ಕೇಳುತ್ತಿದ್ದಾರೆ. ನಾನು ಕೇಳಿಲ್ಲ.

ಆದರೂ ನಾನು ಅನ್ಯಾಯ ಮಾಡುವವನಲ್ಲ. ಅವನು ನನ್ನ ಕಚೇರಿಗೆ ಬರಲಿ. ಬೈಬಲ್ ಮೇಲೆ ಕೈಯಿಟ್ಟು, ಮತ ಮಾರಿಕೊಂಡಿಲ್ಲ ಎಂದು ಆಣೆ ಮಾಡಲಿ. ಅದೇ ಗುರುವಾರ ಮೊದಲ ಪುಟದಲ್ಲಿ ಹಾಕುತ್ತೇನೆ, ದಪ್ಪ ಅಕ್ಷರದಲ್ಲಿಯೇ.

ಓರಿನ್ ಹಸ್ಕೆಟ್


ಚಿಕಾಗೊ
ಸೆಪ್ಟೆಂಬರ್ 17, 1912

ಅಪ್ಪ,

ಕ್ವೇಕರ್ ಆಣೆ ಹಾಕುವುದಿಲ್ಲ, ಅವರ ಧರ್ಮವೇ ಬಿಡುವುದಿಲ್ಲ. ನ್ಯಾಯಾಲಯದಲ್ಲೂ ಹಾಕುವುದಿಲ್ಲ, ಅವರು ಬರಿಯ ಮಾತು ಹೇಳಿದರೆ ಸಾಕೆಂದು ಕಾನೂನೇ ಬಿಟ್ಟಿದೆ. ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆತ ದಾಟಲಾರದ ಬೇಲಿಯನ್ನೇ ಹುಡುಕಿ, ಅದರಾಚೆ ನ್ಯಾಯ ಇಟ್ಟು, ಬಂದು ತೆಗೆದುಕೊ ಎನ್ನುತ್ತಿದ್ದೀಯ. ಬರ್ಡ್‌ಸಾಲ್‌ಗೆ ಇಷ್ಟು ಬುದ್ಧಿ ಇಲ್ಲ. ಇದು ನಿನ್ನದೇ.

ಇವತ್ತು ಫೆಲನ್ ಹತ್ತಿರ ಹೋಗಿದ್ದೆ. ಆ ಬ್ಲಾಕನ್ನು ಇನ್ನು ಯಾರಿಗೂ ಮಾರಬೇಡಿ ಎಂದೆ.

"ಯಾಕಮ್ಮಾ? ಚೆನ್ನಾಗಿ ಓಡ್ತಿದೆ."

"ಅದು ನನಗೆ ಗೊತ್ತಿರುವವರ ಮುಖ."

"ಎಲ್ಲ ಮುಖಾನೂ ಯಾರಿಗೋ ಗೊತ್ತಿರೋದೇ. ನೋಡು, ಆಯೋವಾದಲ್ಲಿ ಅದನ್ನ 'ರೈತ' ಅಂತ ಹಾಕಿದಾರೆ. ಕೆಂಟಕಿಯಲ್ಲಿ 'ಹೆಂಡದಂಗಡಿ ವೈರಿ' ಅಂತೆ. ಒಂದೂರಲ್ಲಿ ಹಲ್ಲಿನ ಡಾಕ್ಟ್ರ ಜಾಹೀರಾತಿಗೇ ಹಾಕ್ಕೊಂಡವ್ರೆ. ಎಲ್ಲದಕ್ಕೂ ಒಗ್ಗೋ ಮುಖ ಬರ್ದಿದೀಯ, ಸಂತೋಷ ಪಡು."

ಸಂತೋಷ ಪಡಬೇಕಂತೆ.

ಎನಸ್‌ಗೆ ನಾನು ಬರೆದಿದ್ದೇನೆ. ನೀನು ತಪ್ಪಾಯಿತೆಂದು ಅಚ್ಚು ಹಾಕುವ ತನಕ ನನಗೆ ಬರೆಯಬೇಡ.

ಲವೀನಾ


ಟಿಲ್ಡನ್ಸ್ ಕ್ರೀಕ್
ಅಕ್ಟೋಬರ್ 16, 1912

ಲವೀನಾ,

ಬರೆಯಬೇಡ ಎಂದಿದ್ದೆ ನೀನು. ಬರೆಯುತ್ತಿದ್ದೇನೆ. ನಿನ್ನ ಅಪ್ಪಣೆಯಲ್ಲಿ ಬದುಕುತ್ತಿಲ್ಲ ನಾನು.

ಕರ್ನಲ್‌ಗೆ ಮೊನ್ನೆ ಗುಂಡು ತಗುಲಿತು, ಎದೆಯಲ್ಲಿ ಗುಂಡಿಟ್ಟುಕೊಂಡೇ ಭಾಷಣ ಮಾಡಿದ. ಇಡೀ ದೇಶ ಅದನ್ನು ಮಾತಾಡುತ್ತಿದೆ. ನನ್ನ ಕಚೇರಿಗೆ ಬರುವವರು ಮಾತ್ರ ಎನಸನ ಸುದ್ದಿ ಎತ್ತುತ್ತಾರೆ. ಎತ್ತಿ ನಗುತ್ತಾರೆ, ನನ್ನ ಬೆನ್ನು ತಟ್ಟುತ್ತಾರೆ.

ಯಾರೋ ಆ ಚಿತ್ರವನ್ನು ಅವನ ಅಂಗಡಿ ಬಾಗಿಲಿಗೆ ಮೊಳೆ ಹೊಡೆದಿದ್ದರು. ಅವನು ಕೀಳಲಿಲ್ಲ. ಗಾಳಿಗೆ ತಾನಾಗಿ ಹರಿದುಹೋಗುವ ತನಕ ಒಂಬತ್ತು ದಿನ ಅಲ್ಲೇ ಇತ್ತು. ಅವನ ಸಭೆಯಿಂದ ಇಬ್ಬರು ಹಿರಿಯರು ಮನೆಗೆ ಬಂದು ಕೂತರಂತೆ, ಅವರ ಪದ್ಧತಿಯಂತೆ ಒಂದು ಗಂಟೆ ಮಾತಿಲ್ಲದೆ. ಆಮೇಲೆ ಕೇಳಿದರಂತೆ. ಇವನು 'ಇಲ್ಲ' ಎಂದನಂತೆ, ಅದರ ಮೇಲೆ ಒಂದಕ್ಷರವೂ ಹೇಳಲಿಲ್ಲವಂತೆ. ವಿಷಯ ತಿಳಿಯಾಗುವ ತನಕ ಹಿರಿಯರ ಬೆಂಚು ಬಿಟ್ಟು ಕೂರು ಎಂದರಂತೆ.

ಕಳೆದ ಗುರುವಾರ ನನ್ನ ಹತ್ತಿರ ಬಂದ. ಟೋಪಿ ತೆಗೆಯಲಿಲ್ಲ, ಅವರು ಯಾರ ಮುಂದೆಯೂ ತೆಗೆಯುವುದಿಲ್ಲ.

"ಓರಿನ್, ಆ ಪಟ್ಟಿ ಕೆತ್ತಿದ್ದು ನೀನಾ?"

"ಪತ್ರಿಕೆ ನಂದು. ಅದರಲ್ಲಿರೋದೆಲ್ಲ ನಂದೇ."

"ನಾನು ಕೇಳಿದ್ದು ಅದಲ್ಲ."

"ಹೂಂ, ನಾನೇ. ಈಗೇನು? ಬೈಬಲ್ ಅಲ್ಲಿದೆ. ಕೈ ಇಡು, ಮಾರ್ಕೊಂಡಿಲ್ಲ ಅನ್ನು, ಹಾಕ್ತೀನಿ."

"ಮಾರ್ಕೊಂಡಿಲ್ಲ."

"ಕೈ ಇಟ್ಟು ಹೇಳಯ್ಯ!"

"ಕೈ ಇಟ್ಟಾಗ ಮಾತ್ರ ನಿಜ ಹೇಳೋದಾದ್ರೆ, ಇಷ್ಟು ವರ್ಷ ನಿನ್ ಜೊತೆ ಆಡಿದ್ದೆಲ್ಲ ಸುಳ್ಳಾ, ಓರಿನ್?"

"ಪ್ರವಚನ ನಿನ್ ಸಭೇಲಿ ಇಟ್ಕೊ."

"ಅಲ್ಲಿ ಈಗ ಬಾಗಿಲ ಹತ್ರ ಕೂರ್ತೀನಿ. ಅಲ್ಲಿಂದ ಯಾರೂ ಮಾತಾಡಲ್ಲ."

ಹೋದ. ಅಚ್ಚುಕೂಟಕ್ಕೆ ಬಂದಿದ್ದ ಬರ್ಡ್‌ಸಾಲ್ ಬಿದ್ದುಬಿದ್ದು ನಕ್ಕ. ಬರ್ಡ್‌ಸಾಲ್ ಅಲ್ಲಿ ಇಲ್ಲದಿದ್ದರೆ ಬಹುಶಃ ನಾನು ಬೇರೆ ಏನಾದರೂ ಹೇಳುತ್ತಿದ್ದೆ.

ಇದನ್ನೆಲ್ಲ ನಿನಗೇಕೆ ಬರೆದೆನೋ ಗೊತ್ತಿಲ್ಲ. ಅಚ್ಚು ಹಾಕುವುದಿಲ್ಲ. ಚುನಾವಣೆಗೆ ಮೂರು ವಾರ ಇರುವಾಗ ತಪ್ಪೊಪ್ಪಿಕೊಂಡ ಪತ್ರಿಕೆಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ಓರಿನ್ ಹಸ್ಕೆಟ್


ಟಿಲ್ಡನ್ಸ್ ಕ್ರೀಕ್
ಹತ್ತನೆಯ ತಿಂಗಳು, 21, 1912

ಲವೀನಾ ಹಸ್ಕೆಟ್,

ನಿನ್ನ ಮೂರು ಕಾಗದಗಳೂ ಬಂದವು. ಕೋಪದಲ್ಲಿ ಬರೆಯಬಾರದೆಂದು ಕಾದೆ. ಐದು ವಾರವಾಯಿತು. ಕೋಪ ಹೋಗುವಂತೆ ಕಾಣುವುದಿಲ್ಲ. ಆದ್ದರಿಂದ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತಿದ್ದೇನೆ.

ನಿನ್ನ ತಂದೆ ಪಟ್ಟಿ ಬದಲಿಸಿದ. ಅದನ್ನು ಅವನ ಮುಖಕ್ಕೇ ಕೇಳಿದ್ದೇನೆ. ಈಗ ನಿನ್ನನ್ನು ಕೇಳುತ್ತೇನೆ. ಮೊದಲ ಪಟ್ಟಿ ಹೊಡೆದವರು ಯಾರು?

ನೀನು ನನ್ನನ್ನು ಒಳ್ಳೆಯವನೆಂದು ತೋರಿಸಿದೆಯಂತೆ. ಹಾಗೆಂದು ಮೂರು ಕಾಗದಗಳಲ್ಲೂ ಬರೆದಿದ್ದೀಯ. ನಾನು ನಿನ್ನನ್ನು ಕೇಳಿದ್ದೆನೆ? ನನ್ನ ಅಂಗಡಿಯಲ್ಲಿ ಕೂತು, ನನ್ನ ಕಿವಿ, ನನ್ನ ಕತ್ತು ನೋಡಿಕೊಂಡು ಹೋಗಿ, ನನಗೆ ಹೇಳದೆ ಮಾರಿದೆ. ಆ ಚಿತ್ರ ಹೊಟ್ಟೆಗೊಂದು ಎದೆಗೊಂದು ಹೆಸರು ಕಿತ್ತು ಹಾಕುವಂಥದೆಂದು ನಿನಗೆ ಗೊತ್ತಿತ್ತು. ನಿನಗೆ ಬೇರೆ ಮುಖವೇ ಸಿಗಲಿಲ್ಲವೆ, ಯಾರದೂ ಅಲ್ಲದ ಒಂದು ಮುಖ? ಯಾರದೂ ಅಲ್ಲದ ಮುಖವನ್ನು ನಿನ್ನ ತಂದೆ ಹೇಗೆ ಬೇಕಾದರೂ ಮಾರಲಿ, ಈ ಊರಲ್ಲಿ ಯಾರೂ ಮನೆಬಾಗಿಲಿಗೆ ಬಂದು ಕೂರುತ್ತಿರಲಿಲ್ಲ.

ಹಳಬರಾದ ನಾವು ನಮ್ಮ ಚಿತ್ರ ತೆಗೆಸಿಕೊಳ್ಳುವುದಿಲ್ಲ. ಮುಖದ ಮೇಲೆ ಮೋಹ ಬೆಳೆಯಬಾರದೆಂದು. ನನ್ನ ಹೆಂಡತಿ ಕೆಝಿಯಾ ಸಾಯುವ ಮುಂಚೆ ಅವಳ ಅಕ್ಕ ಪೇಟೆಯಿಂದ ಫೋಟೋದವನನ್ನು ಕರೆಸುತ್ತೇನೆ ಎಂದಳು. ನಾನು ಬೇಡ ಎಂದೆ. ಹದಿನಾಲ್ಕು ವರ್ಷವಾಯಿತು. ಈಗ ಅವಳ ಹುಬ್ಬು ಹೇಗಿತ್ತೆಂದು ಕೆಲವು ಬೆಳಗ್ಗೆ ನನಗೆ ನೆನಪಾಗುವುದಿಲ್ಲ. ಆ ಬೆಲೆ ತೆತ್ತವನು ನಾನು. ಅವಳ ಮುಖ ಎಲ್ಲಿಯೂ ಇಲ್ಲ. ನನ್ನದು ನಾನೂರು ಊರುಗಳಲ್ಲಿದೆ.

ತಪ್ಪು ಸರಿಪಡಿಸಲು ಇನ್ನೊಂದು ಚಿತ್ರ ಬರೆಯುತ್ತೇನೆ ಎನ್ನುತ್ತೀ. ಬೇಡ. ಇನ್ನು ಎಂದೂ ಬೇಡ.

ಹನ್ನೊಂದನೆಯ ತಿಂಗಳ ಮೂರನೆಯ ತಾರೀಖು, ನೀವು ಭಾನುವಾರ ಎನ್ನುವ ಮೊದಲ ದಿನದ ಆರಾಧನೆಯಾದ ಮೇಲೆ ನನ್ನ ವಿಷಯ ತೀರ್ಮಾನವಾಗುತ್ತದೆ. ನನ್ನನ್ನು ಸಭೆಯ ಸದಸ್ಯರ ಪುಸ್ತಕದಿಂದಲೇ ತೆಗೆಯಬೇಕೆನ್ನುವವರೂ ಇದ್ದಾರೆ. ನಿನಗೆ ಏನು ಗೊತ್ತಿದೆಯೋ ಅದನ್ನು ಬಂದು ಬಾಯಲ್ಲಿ ಹೇಳುವುದಾದರೆ ಹೇಳು. ಬರಲೇಬೇಕೆಂದು ನಾನು ಕೇಳುವುದಿಲ್ಲ.

ನಿನಗೆ ಕೇಡು ಬಯಸುವುದಿಲ್ಲ. ಒಳ್ಳೆಯದು ಬಯಸಲು ಇನ್ನೂ ಆಗುತ್ತಿಲ್ಲ.

ಎನಸ್ ಟ್ರೂಬ್ಲಡ್


ಚಿಕಾಗೊ
ನವೆಂಬರ್ 11, 1912

ಓರಿನ್ ಹಸ್ಕೆಟ್ ಅವರಿಗೆ,

ನಿಮ್ಮ ಏಳನೆಯ ತಾರೀಖಿನ ಪತ್ರಿಕೆ ನೋಡಿದೆ. ಪ್ರಾಧ್ಯಾಪಕ ಗೆದ್ದ ಸುದ್ದಿ ಇದೆ, ಬರ್ಡ್‌ಸಾಲ್‌ನ ಮಗಳ ಮದುವೆಯಿದೆ. ಮೂರನೆಯ ತಾರೀಖು ನಿಮ್ಮ ಬೀದಿಯ ಕೊನೆಯಲ್ಲೇ ನಡೆದದ್ದು ಇಲ್ಲ. ಯಾರು ಯಾರೋ ಬಂದು ಬೇರೆ ಬೇರೆ ರೀತಿ ಹೇಳಿರುತ್ತಾರೆ. ನಡೆದದ್ದು ಹೀಗೆ.

ಮೊದಲು ಇಲ್ಲಿಯದು. ಎನಸ್ ಕಾಗದ ಬಂದ ಮಾರನೆಯ ದಿನ ಆ ಚಿತ್ರದ ಮೂಲ ಅಚ್ಚನ್ನು ಕಪಾಟಿನಿಂದ ತೆಗೆದು ಎರಕದ ಕುಲುಮೆಗೆ ಹಾಕಿದೆ. ಕಿವಿ ಮೊದಲು ಕರಗಿತು. ಫೆಲನ್ ಓಡಿಬಂದ. "ತಲೆ ನೆಟ್ಟಗಿದ್ಯಾ ನಿಂಗೆ? ಕಂಪನಿ ಆಸ್ತಿ ಅದು!" ಎಂದ. "ಅಲ್ಲ" ಎಂದೆ. ಟೋಪಿ ಎತ್ತಿಕೊಂಡು ಹೊರಡು ಎಂದ, ಹೊರಟೆ. ಊರೂರುಗಳಿಗೆ ಹೋದ ನಾನೂರನ್ನು ಯಾವ ಕುಲುಮೆಗೂ ಹಾಕಲಾರೆ ಎಂದು ಗೊತ್ತು.

ಭಾನುವಾರ ಬೆಳಗಿನ ರೈಲಿಗೆ ಇಳಿದೆ. ನಿಮ್ಮ ಕಿಟಕಿಯ ಮುಂದೆಯೇ ಹೋದೆ. ನೀವು ನನ್ನನ್ನು ಕಂಡಿರಿ ಎಂದೇ ನನ್ನ ನಂಬಿಕೆ.

ಆ ಸಭಾಮನೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಸುಮ್ಮನೆ ಕೂರುತ್ತಾರೆ, ಹೇಳಬೇಕೆನ್ನಿಸಿದವರು ಏಳುತ್ತಾರೆ. ನಿಮ್ಮ ಕೌಂಟಿಯಲ್ಲಿ ಹೆಂಗಸು ಎದ್ದು ನಿಂತು ಮಾತಾಡಿದರೆ ಗಂಡಸರು ಕೆಮ್ಮದ ಮನೆ ಅದೊಂದೇ. ನಾನು ಎದ್ದೆ. ಈ ಮನುಷ್ಯನ ಮುಖವನ್ನು ಕೇಳದೆ ತೆಗೆದುಕೊಂಡವಳು ನಾನು ಎಂದೆ. ಯಾರ ಮುಖವೆಂದು ನನ್ನ ತಂದೆಗೆ ಬರೆದು ತಿಳಿಸಿದ್ದೆ, ತಿಳಿದೇ ಪಟ್ಟಿ ಬದಲಿಸಿದರು ಎಂದೆ. ಆಮೇಲೆ ನಿಮ್ಮ ಜುಲೈ ಹದಿನೈದರ ಕಾಗದ ತೆಗೆದು ಓದಿದೆ. ಪೂರ್ತಿ ಓದಿದೆ. ಹನ್ನೊಂದು ಚೀಟಿ, ಬರ್ಡ್‌ಸಾಲ್, ಕೌಂಟಿಯ ಅಚ್ಚಿನ ಕೆಲಸ, ನನ್ನ ಶಾಲೆಯ ಶುಲ್ಕ. 'ಊಟ ಸರಿಯಾಗಿ ಮಾಡು' ಎಂಬುದನ್ನು ಎರಡು ಸಲ ಓದಬೇಕಾಯಿತು. ಅದಕ್ಕಾಗಿ ನಿಮ್ಮನ್ನು ಇನ್ನಷ್ಟು ದ್ವೇಷಿಸಿದೆ.

ಬಹಳ ಹೊತ್ತಾದ ಮೇಲೆ ಲಿಂಡ್ಲಿ ಜೆಸ್ಸಪ್ ಎಂಬ ಹಿರಿಯರು ಎದ್ದರು. ಎನಸ್ ಮನೆಗೆ ಹೋಗಿ ಕೂತರೆಂದು ನೀವು ಬರೆದಿದ್ದ ಇಬ್ಬರಲ್ಲಿ ಒಬ್ಬರು ಇವರಂತೆ. "ಎನಸ್, ನಿನ್ನ ವಿಷಯ ನಮಗೆ ತಿಳಿಯಾಯ್ತು. ಬಾ" ಎಂದು ಹಿರಿಯರ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. ಆ ಸಾಲಿನ ಐದು ಜನವೂ ಸರಿದರು.

ಎನಸ್ ಏಳಲಿಲ್ಲ. ಬಾಗಿಲ ಪಕ್ಕ ಕೂತವನು ಕೂತೇ ಇದ್ದ. ಮಂಡಿಯ ಮೇಲಿನ ಕೈಗಳು ಅಲುಗಲಿಲ್ಲ. ಅವರು ಮಾಡಿದ ಜಾಗ ಕೊನೆಯ ತನಕ ಖಾಲಿ ಇತ್ತು.

ಹೊರಗೆ ಬಂದ ಮೇಲೆ ನಾನೇ ಹತ್ತಿರ ಹೋದೆ. ಕ್ಷಮಿಸುತ್ತಾನೆ ಎಂದುಕೊಂಡಿದ್ದೆ. ನಿಮ್ಮ ಮಗಳಲ್ಲವೆ, ಒಂದು ಕೆಲಸ ಮಾಡಿದರೆ ಅದಕ್ಕೊಂದು ಕೂಲಿ ಬೇಕು.

"ಹೇಳಿದೆ, ಸರಿ. ಹೇಳಬೇಕಾದ್ದೇ" ಎಂದ.

"ಮತ್ತೆ ಆ ಬೆಂಚಿಗೆ ಯಾಕೆ ಹೋಗಲಿಲ್ಲ?"

"ನಲವತ್ತು ವರ್ಷ ನನ್ ಪಕ್ಕ ಕೂತೋರು ಕಣಮ್ಮ ಅವರು. ನಾನು ಇಲ್ಲ ಅಂದೆ, ಸಾಲಲಿಲ್ಲ. ನೀನು ಬಂದು ಒಂದು ಕಾಗದ ಓದಿದೆ, ಸಾಕಾಯ್ತು." ಟೋಪಿಯ ಅಂಚನ್ನು ಹಣೆಗೆ ಎಳೆದುಕೊಂಡ. "ನನ್ ಮಾತಿಗೆ ಬೆಲೆ ಇಲ್ದಿರೋ ಬೆಂಚ್ ಮೇಲೆ ಕೂತು ಏನ್ ಮಾಡ್ಲಿ? ನಿನ್ನಪ್ಪನ ಪತ್ರಿಕೆ ಅವರನ್ನ ಕೆಡಿಸ್ಲಿಲ್ಲ, ಲವೀನಾ. ಮೊದಲೇ ಹೀಗಿದ್ರು ಅಂತ ತೋರಿಸ್ತು. ಅದನ್ನ ತಿಳ್ಕೊಳ್ದೆ ಸಾಯಬಹುದಿತ್ತು ನಾನು."

ಹೀಗೆಂದು ಮನೆಯತ್ತ ನಡೆದ. ನನ್ನನ್ನು ಜೊತೆಗೆ ಕರೆಯಲಿಲ್ಲ.

ಆ ಮಾತಿಗೆ ಉತ್ತರ ಹುಡುಕುತ್ತಲೇ ರೈಲು ಹತ್ತಿದೆ. ಎಂಟು ದಿನವಾಯಿತು, ಇನ್ನೂ ಸಿಕ್ಕಿಲ್ಲ. ನಿಮ್ಮ ಹತ್ತಿರ ಇದ್ದರೆ ನನಗೆ ಬರೆಯಬೇಡಿ, ಪತ್ರಿಕೆಯಲ್ಲಿ ಹಾಕುವುದೂ ಬೇಡ. ಆತನ ಅಂಗಡಿ ನಿಮ್ಮ ಅಚ್ಚುಕೂಟದಿಂದ ಎರಡನೆಯ ಬಾಗಿಲು. ಹಗಲು ಹೊತ್ತಿನಲ್ಲಿ, ಬೀದಿಯ ಜನರೆಲ್ಲ ನೋಡುತ್ತಿರುವಾಗ, ನಡೆದು ಹೋಗಿ.

ಲವೀನಾ ಹಸ್ಕೆಟ್